ಒಂದು ಬ್ಯಾಡ್ಜ್, ಎರಡು ಕಿವಿ: ಹಿಂಬದಿಯ ಬೆಸುಗೆ ಹೇಳಿದ್ದೇನು?

ಬ್ಯಾಡ್ಜ್ ನನ್ನ ಮೇಜಿನ ಮೇಲೆ ಬಂದು ಕೂತದ್ದು ಗುರುವಾರ ಸಂಜೆ. ಭಾನುವಾರ ಬೆಳಿಗ್ಗೆಯೊಳಗೆ ಉತ್ತರ ಹೇಳಬೇಕಿತ್ತು.

ತಂದವನು ನಮ್ಮ ಪಕ್ಕದ ರಸ್ತೆಯ ಹುಡುಗ. ಕೆಲಸಕ್ಕೆ ಸೇರಿ ಎರಡು ವರ್ಷ ಆಗಿದೆ. ಮೊದಲು ನಾಣ್ಯ ಕೂಡಿಡುತ್ತಿದ್ದ, ಈಗ ಹಳೇ ಮಿಲಿಟರಿ ಬ್ಯಾಡ್ಜುಗಳ ಕಡೆ ಮನಸ್ಸು ತಿರುಗಿದೆ. ಹಳೇ ಸಾಮಾನಿನ ವ್ಯಾಪಾರಿಯೊಬ್ಬರ ಹತ್ತಿರ ಒಂದು ಟೋಪಿ ಬ್ಯಾಡ್ಜ್ ನೋಡಿ 2,000 ರೂಪಾಯಿ ಮುಂಗಡ ಕೊಟ್ಟಿದ್ದ. ಬಾಕಿ 4,500. ವ್ಯಾಪಾರಿ ಹೇಳಿದ್ದು ಒಂದೇ ಮಾತು: "ಮುಂದೆ ಹಿಂದೆ ಎಲ್ಲಾ ಒರಿಜಿನಲ್. ಯಾರೂ ಕೈ ಹಾಕಿಲ್ಲ." ಹುಡುಗ ಅದರ ಹಿಂಬದಿಯ ಫೋಟೋವನ್ನು ಇನ್ನೊಬ್ಬ ಸಂಗ್ರಾಹಕರಿಗೆ ಕಳಿಸಿದ್ದಾನೆ. ಅವರು ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ: "ಹಿಂದಿನ ಎರಡು ಕೊಂಡಿ ಒಂದೇ ಥರ ಇಲ್ಲ. ಡೂಪ್ಲಿಕೇಟ್. ಬಿಟ್ಟುಬಿಡು."

"ಅಂಕಲ್, ಮುಂದೆ ಚೆನ್ನಾಗೇ ಇದೆ ಅಲ್ವಾ? ಹಿಂದಿನ ಕೊಂಡಿ ಬೇರೆ ಆದರೆ ಇಡೀ ಬ್ಯಾಡ್ಜೇ ಸುಳ್ಳಾ?" ಅಂತ ಕೇಳಿದ.

ಒಳ್ಳೆಯ ಪ್ರಶ್ನೆ. ಇದರೊಳಗೆ ಎರಡು ಪ್ರಶ್ನೆಗಳಿವೆ. ಬ್ಯಾಡ್ಜ್ ನಿಜವೇ ಅನ್ನುವುದು ಒಂದು. ಅದರ ಹಿಂದಿನ ಫಿಟಿಂಗ್ ನಿಜವೇ ಅನ್ನುವುದು ಇನ್ನೊಂದು. ಇವೆರಡನ್ನೂ ಕಲಸಿಬಿಟ್ಟರೆ ಒಳ್ಳೆಯ ವಸ್ತು ಕೈತಪ್ಪಿ ಹೋಗುತ್ತದೆ, ಇಲ್ಲವೇ ಕೆಟ್ಟದ್ದು ಮನೆಗೆ ಬರುತ್ತದೆ.

ಮೊದಲು ಆನೆಯ ವಿಷಯ ಹೇಳಿಬಿಡುತ್ತೇನೆ. ಬ್ಯಾಡ್ಜಿನ ಕೆಳಗೆ ಒಂದು ಪುಟ್ಟ ಆನೆ ಇದೆ. ಆನೆ ನೋಡಿ ಹುಡುಗ ಇದು ಮೈಸೂರು ಸಂಸ್ಥಾನದ್ದು ಅಂದುಕೊಂಡಿದ್ದ. ಅಲ್ಲ. ಮೈಸೂರಿನದ್ದಾಗಿದ್ದರೆ ನಾವು ಗಂಡಭೇರುಂಡ ಹುಡುಕಬೇಕಿತ್ತು. ಇದು ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯದು, ಅಂದರೆ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ರೆಜಿಮೆಂಟಿನದು. ಬ್ಯಾಡ್ಜ್ ಕೂಡಿಡುವವರು ಚಿಕ್ಕದಾಗಿ ಎಚ್‌ಎಲ್‌ಐ ಅನ್ನುತ್ತಾರೆ. 1881ರಲ್ಲಿ ಬ್ರಿಟಿಷ್ ಸೈನ್ಯದ 71 ಮತ್ತು 74ನೇ ಪಡೆಗಳನ್ನು ಒಟ್ಟು ಮಾಡಿ ಇದನ್ನು ಕಟ್ಟಿದರು. ಬ್ಯಾಡ್ಜಿನಲ್ಲಿ ಹಿಂದೆ ಒಂದು ದೊಡ್ಡ ನಕ್ಷತ್ರ, ಅದರ ಮೇಲೆ ಸುರುಳಿ ಸುತ್ತಿದ ಕಹಳೆ. ಕಹಳೆಯ ನಡುವೆ ಎಚ್‌ಎಲ್‌ಐ ಅಕ್ಷರಗಳು ಹೆಣೆದುಕೊಂಡಿವೆ. ಮೇಲೆ ಕಿರೀಟ. ಕೆಳಗಿನ ಪಟ್ಟಿಯಲ್ಲಿ 'ಅಸ್ಸಾಯೆ' ಅನ್ನುವ ಹೆಸರು, ಜೊತೆಗೆ ಈ ಆನೆ.

ಅಸ್ಸಾಯೆ ಈಗಿನ ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯ ಒಂದು ಹಳ್ಳಿ. 1803ರ ಸೆಪ್ಟೆಂಬರ್ 23ರಂದು ಅಲ್ಲಿ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಮರಾಠರ ದೊಡ್ಡ ಸೈನ್ಯವನ್ನು ಎದುರಿಸಿತು. 74ನೇ ಪಡೆ ಅವತ್ತು ನುಚ್ಚುನೂರಾಯಿತು. ಅದರ ಅಧಿಕಾರಿಗಳಲ್ಲಿ ಸಾಯದೆ, ಗಾಯವೂ ಆಗದೆ ಉಳಿದವರು ಸಾಮಾನು ಸರಂಜಾಮು ನೋಡಿಕೊಳ್ಳುವ ಕ್ವಾರ್ಟರ್‌ಮಾಸ್ಟರ್ ಒಬ್ಬರೇ. ಆ ಯುದ್ಧದ ನೆನಪಿಗೆ ಸಿಕ್ಕ ಗುರುತು ಈ ಆನೆ. ನಮ್ಮ ಕಡೆಗೂ ಒಂದು ನಂಟಿದೆ. ಇದೇ 74ನೇ ಪಡೆ 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿತ್ತು. ಅವತ್ತು ಕೋಟೆಗೆ ನುಗ್ಗುವ ದಂಡಿನ ಮುಂದೆ ನಿಂತ ಡೇವಿಡ್ ಬೈರ್ಡ್, ಮುಂದೆ 71ನೇ ಸಂಖ್ಯೆ ಪಡೆದ ಪಡೆಯಲ್ಲೇ ಚಿಕ್ಕ ವಯಸ್ಸಿನಲ್ಲಿ ಅಧಿಕಾರಿಯಾಗಿದ್ದವರು. 1780ರ ಪೊಳ್ಳಿಲೂರು ಯುದ್ಧದಲ್ಲಿ ಹೈದರನ ಕೈಗೆ ಸಿಕ್ಕಿ, 1784ರವರೆಗೆ ಅದೇ ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದವರು. ಇದನ್ನು ಕೇಳಿದ ಮೇಲೆ ಹುಡುಗನಿಗೆ ಬ್ಯಾಡ್ಜಿನ ಮೇಲೆ ಆಸೆ ಇನ್ನೂ ಜಾಸ್ತಿ ಆಯಿತು. ಆದರೆ ಕಥೆ ಎಷ್ಟೇ ಚೆನ್ನಾಗಿದ್ದರೂ ಕೈಯಲ್ಲಿರುವ ಲೋಹ ಬೇರೆಯೇ ವಿಷಯ.

ಈಗ ಬೆನ್ನಿಗೆ ಬರೋಣ.

ಈ ಬ್ಯಾಡ್ಜಿನ ಹಿಂದೆ ಎಡಕ್ಕೊಂದು, ಬಲಕ್ಕೊಂದು ತಂತಿಯ ಕುಣಿಕೆ ಇದೆ. ಸಂಗ್ರಾಹಕರು ಲಗ್ ಅನ್ನುತ್ತಾರೆ. ಬಾಣಲೆಗೆ ಕಿವಿ ಇರುತ್ತದಲ್ಲ, ಅದೇ ರೀತಿ. ನಾನು ಕಿವಿ ಅಂತಲೇ ಬರೆಯುತ್ತೇನೆ. ಸ್ಕಾಟಿಷ್ ಸೈನಿಕರ ಗ್ಲೆಂಗ್ಯಾರಿ ಅನ್ನುವ ದೋಣಿಯಾಕಾರದ ಟೋಪಿಯ ಎಡಬದಿಯಲ್ಲಿ ಒಂದು ರಿಬ್ಬನ್ನಿನ ಕುಚ್ಚು ಇರುತ್ತದೆ. ಬ್ಯಾಡ್ಜನ್ನು ಅದರ ಮೇಲಿಟ್ಟು, ಎರಡೂ ಕಿವಿಗಳನ್ನು ಬಟ್ಟೆಯ ತೂತಿನಿಂದ ಒಳಗೆ ತೂರಿಸಬೇಕು. ಒಳಗಡೆ ಎರಡೂ ಕಿವಿಗಳ ಮೂಲಕ ಒಂದೇ ಪಿನ್ನು ಅಡ್ಡ ಹೋಗುತ್ತದೆ. ಹಿತ್ತಾಳೆ ತಂತಿಯನ್ನು ಮಡಚಿ ಮಾಡಿದ ಸೀಳು ಪಿನ್ನು ಅದು, ಕಾಟರ್ ಪಿನ್ ಅನ್ನುತ್ತಾರೆ. ಅಷ್ಟಾದರೆ ಬ್ಯಾಡ್ಜ್ ಅಲ್ಲಾಡುವುದಿಲ್ಲ.

ಫಿಟಿಂಗ್ ನೋಡಿ ಕಾಲ ಊಹಿಸಬಹುದು. ಬ್ರಿಟಿಷ್ ಸೈನ್ಯದ ಹಳೆಯ ಬ್ಯಾಡ್ಜುಗಳಲ್ಲಿ ಕಿವಿಗಳೇ ಜಾಸ್ತಿ. ಇಪ್ಪತ್ತನೇ ಶತಮಾನ ಶುರುವಾಗುವ ಹೊತ್ತಿಗೆ ಸ್ಲೈಡರ್ ಬಂತು. ಅದು ಪೆನ್ನಿನ ಕ್ಲಿಪ್ಪಿನ ಹಾಗೆ ಉದ್ದನೆಯ ಪಟ್ಟಿ, ಟೋಪಿಯ ಸೀಳಿಗೆ ಸಿಕ್ಕಿಸಿದರೆ ಸಾಕು. ಹಾಗಂತ ಕಿವಿಗಳು ಹೋಗಲಿಲ್ಲ, ಎರಡೂ ಜೊತೆಯಲ್ಲೇ ನಡೆದವು. ಎರಡನೇ ಮಹಾಯುದ್ಧದಲ್ಲಿ ಲೋಹ ಉಳಿಸಲು ಪ್ಲಾಸ್ಟಿಕ್ ಬ್ಯಾಡ್ಜ್ ಮಾಡಿದರು. ಅವುಗಳ ಹಿಂದೆ ಮಡಚುವಂಥ ಲೋಹದ ನಾಲಿಗೆಗಳಿದ್ದವು. 1950ರ ದಶಕದಲ್ಲಿ ತಿಕ್ಕಿ ಹೊಳಪು ಮಾಡಬೇಕಿಲ್ಲದ ಅಲ್ಯೂಮಿನಿಯಂ ಬ್ಯಾಡ್ಜುಗಳು ಬಂದವು.

ನಮ್ಮ ಬ್ಯಾಡ್ಜಿನ ಕಾಲ ತಿಳಿಯಲು ಕಿರೀಟವೂ ಸಹಾಯ ಮಾಡುತ್ತದೆ. ಇದರ ಕಮಾನುಗಳು ಗುಮ್ಮಟದ ಹಾಗೆ ಮೇಲಕ್ಕೆ ದುಂಡಾಗಿವೆ, ನಡುವೆ ತಗ್ಗಿಲ್ಲ. ವಿಕ್ಟೋರಿಯಾ ಕಾಲದ ಕಿರೀಟ ನಡುವೆ ತಗ್ಗಿರುತ್ತದೆ. 1953ರ ಪಟ್ಟಾಭಿಷೇಕದ ನಂತರ ಬಂದ ಎಲಿಜಬೆತ್ ಕಾಲದ್ದೂ ಹಾಗೇ. ಇದು 1901ರಲ್ಲಿ ಏಳನೇ ಎಡ್ವರ್ಡ್ ದೊರೆಯಾದ ಮೇಲೆ ಬಂದ, ಅವರ ಮಗ ಮತ್ತು ಮೊಮ್ಮಕ್ಕಳ ಕಾಲದಲ್ಲೂ ನಡೆದ ಕಿರೀಟ. ಆಮೇಲೆ 1959ರಲ್ಲಿ ಎಚ್‌ಎಲ್‌ಐ ಇನ್ನೊಂದು ಸ್ಕಾಟಿಷ್ ರೆಜಿಮೆಂಟಿನ ಜೊತೆ ಸೇರಿಹೋಯಿತು. ಅಂದರೆ ಬ್ಯಾಡ್ಜ್ ನಿಜವಾಗಿದ್ದರೆ ಅದನ್ನು ತೊಟ್ಟವರು ಆ ಐವತ್ತು ಚಿಲ್ಲರೆ ವರ್ಷಗಳ ಒಳಗಿನವರು.

"ನಿಜವಾಗಿದ್ದರೆ" ಅಂತ ಯಾಕೆ ಬರೆದೆ ಅಂದರೆ, ಕಿರೀಟವೊಂದನ್ನೇ ನಂಬಿ ಕೂರುವ ಹಾಗಿಲ್ಲ. ಹಳೇ ಅಚ್ಚು ಉಳಿದಿದ್ದರೆ ಅದರಿಂದಲೇ ಸಂಗ್ರಾಹಕರಿಗಾಗಿ ಮತ್ತೆ ಬ್ಯಾಡ್ಜ್ ಒತ್ತುವುದುಂಟು. ಅಚ್ಚು ಅಸಲಿ, ಹಾಗಾಗಿ ಮುಖದಲ್ಲಿ ತಪ್ಪು ಸಿಗುವುದಿಲ್ಲ. ಹಿಂದಿನ ಫಿಟಿಂಗ್ ಮಾತ್ರ ಹೊಸ ಕಾಲದ್ದು. ಅದಕ್ಕೇ ಈ ಹವ್ಯಾಸದಲ್ಲಿ ಇರುವವರು ಬ್ಯಾಡ್ಜ್ ಕೈಗೆ ಬಂದ ತಕ್ಷಣ ತಿರುಗಿಸುತ್ತಾರೆ.

ಗುರುವಾರ ರಾತ್ರಿ ನಾನೂ ತಿರುಗಿಸಿದೆ. ಬಲಗಿವಿಯ ಬುಡದಲ್ಲಿ ಬೂದು ಬಣ್ಣದ ಒಂದು ಮುದ್ದೆ ಕಣ್ಣಿಗೆ ಹೊಡೆಯಿತು. ಎಡಗಿವಿ ತಾಮ್ರದ್ದು, ಅಚ್ಚುಕಟ್ಟಾಗಿ ನಿಂತಿತ್ತು. ಬಲಗಿವಿ ಕಪ್ಪಗೆ, ಸ್ವಲ್ಪ ವಾಲಿಕೊಂಡಿತ್ತು. ಒಂದೇ ಕ್ಷಣಕ್ಕೆ ನನಗೂ ಆ ಸಂಗ್ರಾಹಕರ ಮಾತೇ ಸರಿ ಅನಿಸಿತು. ಅದಕ್ಕೆ ಕಾರಣವಿದೆ. ಎಂಟು ವರ್ಷದ ಹಿಂದೆ ನಾನು ಆನ್‌ಲೈನಿನಲ್ಲಿ ಒಂದು ಎಚ್‌ಎಲ್‌ಐ ಬ್ಯಾಡ್ಜ್ ಕೊಂಡು ಮೋಸಹೋಗಿದ್ದೆ. ಮಾರಿದವರು ಕೊಟ್ಟ ಫೋಟೋದಲ್ಲಿ ಹಿಂಬದಿ ಇರಲಿಲ್ಲ, ನಾನೂ ಕೇಳಲಿಲ್ಲ. ಬಂದ ಮೇಲೆ ನೋಡಿದರೆ ಎರಕ ಹೊಯ್ದದ್ದು. ಬೆನ್ನೆಲ್ಲ ಮರಳು ಮರಳು, ಅಂಚಿನಲ್ಲಿ ಅರ ಉಜ್ಜಿದ ಗೆರೆಗಳು, ಹೊಚ್ಚ ಹೊಸ ಸ್ಲೈಡರ್. ಅದನ್ನು ಎಸೆದಿಲ್ಲ. ಹೋಲಿಸಿ ನೋಡಲು ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೇನೆ. ಅವತ್ತು ರಾತ್ರಿ ಎರಡನ್ನೂ ಪಕ್ಕಪಕ್ಕ ಬೋರಲಾಗಿ ಇಟ್ಟೆ.

ಪಕ್ಕದಲ್ಲಿಟ್ಟ ಮೇಲೆ ಮೊದಲ ಪ್ರಶ್ನೆಗೆ ಉತ್ತರ ಬೇಗ ಸಿಕ್ಕಿತು. ಸೈನಿಕರ ಬ್ಯಾಡ್ಜುಗಳನ್ನು ತೆಳು ತಗಡಿನ ಮೇಲೆ ಉಕ್ಕಿನ ಅಚ್ಚು ಹೊಡೆದು ಮಾಡುತ್ತಿದ್ದರು. ಮುಂದೆ ಉಬ್ಬಿದ್ದು ಹಿಂದೆ ಕುಳಿಯಾಗಿ ಕಾಣುತ್ತದೆ. ಹುಡುಗನ ಬ್ಯಾಡ್ಜಿನ ಬೆನ್ನಲ್ಲಿ ಕಹಳೆಯ ಸುರುಳಿ ನುಣ್ಣನೆಯ ಗುಳಿಯಾಗಿತ್ತು. ಆನೆಯ ಹೊಟ್ಟೆಯ ಕುಳಿ ಕೂಡ ಚೆನ್ನಾಗಿ ಬಿದ್ದಿತ್ತು. ಕಹಳೆಯ ಸುತ್ತ ಕತ್ತರಿಸಿ ತೆಗೆದ ಕಿಂಡಿಗಳ ಅಂಚು ಚೂಪಾಗಿ, ನೇರವಾಗಿತ್ತು. ನನ್ನ ಎರಕದ ಬ್ಯಾಡ್ಜಿನಲ್ಲಿ ಅದೇ ಜಾಗ ಮೇಣ ಕರಗಿದ ಹಾಗೆ ಮೊಂಡು. ತೂಕದಲ್ಲೂ ಎರಕದ್ದು ಜಾಸ್ತಿ.

ಲೋಹ ವೈಟ್ ಮೆಟಲ್. ನಮ್ಮಲ್ಲಿ ಪೂಜೆ ಸಾಮಾನಿನ ಅಂಗಡಿಯಲ್ಲಿ ಜರ್ಮನ್ ಸಿಲ್ವರ್ ಅನ್ನುತ್ತಾರಲ್ಲ, ಆ ಜಾತಿ. ತಾಮ್ರ, ನಿಕ್ಕಲ್, ಸತು ಸೇರಿದ್ದು. ಬೆಳ್ಳಿ ಎಳ್ಳಷ್ಟೂ ಇಲ್ಲ. ನಕ್ಷತ್ರದ ಕಿರಣಗಳ ತುದಿ ತಿಕ್ಕಿ ತಿಕ್ಕಿ ಸವೆದಿದೆ, ಕುಳಿಗಳಲ್ಲಿ ಮಾತ್ರ ಗೆರೆಗಳು ಉಳಿದಿವೆ. ದಿನಾ ಬೆಳಿಗ್ಗೆ ಪಾಲಿಶ್ ಮಾಡಿಸಿಕೊಂಡ ಬ್ಯಾಡ್ಜ್ ಹೀಗೇ ಇರುತ್ತದೆ. ಮಷಿನ್ನಿನಲ್ಲಿ ಉಜ್ಜಿ ಹಳೇದು ಮಾಡಿದ್ದರೆ ಎತ್ತರ ತಗ್ಗು ಎರಡೂ ಒಂದೇ ಸಮ ಮಂಕಾಗುತ್ತಿದ್ದವು.

ಹಾಗಾಗಿ ಗುರುವಾರ ರಾತ್ರಿಯೇ ಹುಡುಗನಿಗೆ ಫೋನ್ ಮಾಡಿ ಹೇಳಿದೆ: "ಬ್ಯಾಡ್ಜ್ ಸರಿಯಿದೆ. ಕಿವಿ ಬಗ್ಗೆ ಈಗಲೇ ಏನೂ ಹೇಳಲ್ಲ."

ಶುಕ್ರವಾರ ಪೂರ್ತಿ ಕಿವಿಗೇ ಹೋಯಿತು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಕನ್ನಡಕ, ಒಂದು ಟಾರ್ಚ್, ಒಂದು ಸಣ್ಣ ಆಯಸ್ಕಾಂತ, ಹಲ್ಲುಕಡ್ಡಿ. ಇಷ್ಟೇ ಸಲಕರಣೆ. ಟಾರ್ಚನ್ನು ಮೇಲಿನಿಂದ ಹಿಡಿಯಬಾರದು. ಪಕ್ಕದಿಂದ, ಮೇಜಿಗೆ ತಾಗಿಸಿ ಹಿಡಿಯಬೇಕು. ಆಗ ಸಣ್ಣ ಉಬ್ಬು ತಗ್ಗುಗಳಿಗೂ ನೆರಳು ಬೀಳುತ್ತದೆ.

ಎಡಗಿವಿಯ ಎರಡು ಕಾಲುಗಳೂ ತಗಡಿಗೆ ಸೇರುವ ಜಾಗದಲ್ಲಿ ಬೆಸುಗೆ ಕೂದಲಿನಷ್ಟು ತೆಳ್ಳಗೆ ಹರಿದಿತ್ತು. ಮುದ್ದೆ ಇಲ್ಲ. ಬೆಸುಗೆ ಲೋಹದೊಳಗೇ ಇಳಿದು ಹೋದ ಹಾಗಿತ್ತು. ಸುತ್ತಲಿನ ತಗಡಿಗೂ ಅದಕ್ಕೂ ಒಂದೇ ಬಣ್ಣದ ಮಾಸಲು. ಕಾರ್ಖಾನೆಯ ಕೆಲಸ ಹೀಗಿರುತ್ತದೆ.

ಬಲಗಿವಿಗೆ ಆಯಸ್ಕಾಂತ ತೋರಿಸಿದೆ. ಟಕ್ ಅಂತ ಹಿಡಿಯಿತು. ಬ್ಯಾಡ್ಜಿನ ಬೇರೆ ಯಾವ ಭಾಗಕ್ಕೂ ಹಿಡಿಯಲಿಲ್ಲ, ಎಡಗಿವಿಗೂ ಇಲ್ಲ. ಅಂದರೆ ಬಲಗಿವಿ ಉಕ್ಕಿನ ತಂತಿ. ಎಡಗಿವಿಯ ತಂತಿಗಿಂತ ಸ್ವಲ್ಪ ಸಣ್ಣದು. ಮೇಲೆಲ್ಲ ಕಂದು ಕಪ್ಪು ತುಕ್ಕು. ಕೈಗೆ ಸಿಕ್ಕ ತಂತಿಯನ್ನು ಇಕ್ಕಳದಲ್ಲಿ ಬಗ್ಗಿಸಿದ ಗುರುತು ಕಾಣುತ್ತಿತ್ತು, ಬಾಗು ದುಂಡಗಿಲ್ಲ, ಎರಡು ಮೂಲೆ ಬಂದಿದೆ. ಬುಡದಲ್ಲಿ ಆ ಬೂದು ಮುದ್ದೆ.

ಕಾರ್ಖಾನೆಯಲ್ಲಿ ಒಂದೇ ಬ್ಯಾಡ್ಜಿಗೆ ಒಂದು ತಾಮ್ರದ ಕಿವಿ, ಒಂದು ಉಕ್ಕಿನ ಕಿವಿ ಹಾಕುವುದಿಲ್ಲ. ಬಲಗಿವಿ ಮೂಲದ್ದಲ್ಲ, ಇಷ್ಟು ಖಚಿತ. ಆ ಸಂಗ್ರಾಹಕರು ಕಂಡದ್ದು ಸರಿಯಾಗಿಯೇ ಇತ್ತು. ಆದರೆ ಅವರು ಅಲ್ಲಿಗೇ ನಿಂತರು. ಮುಂದಿನ ಪ್ರಶ್ನೆ ಕೇಳಲಿಲ್ಲ: ಈ ಕಿವಿ ಯಾವಾಗ ಬಂತು? ಬ್ಯಾಡ್ಜ್ ಸೈನಿಕನ ಟೋಪಿಯ ಮೇಲಿದ್ದಾಗಲೇ ಬಂತೇ? ಅಥವಾ ಮಾರುವ ಮೊದಲು ಯಾರೋ ಅಂಟಿಸಿದರೇ? ಮೊದಲನೆಯದಾದರೆ ಅದು ಬ್ಯಾಡ್ಜಿನ ಬದುಕಿನ ಒಂದು ಭಾಗ. ಎರಡನೆಯದಾದರೆ ಅದು ಮಾರಾಟದ ಕೈಚಳಕ. ಎರಡೂ ದೂರದಿಂದ ಒಂದೇ ಥರ ಕಾಣುತ್ತವೆ.

ಶನಿವಾರ ಬೆಳಿಗ್ಗೆ ಹುಡುಗನನ್ನೂ ಕರೆದುಕೊಂಡು ಬೆಂಗಳೂರಿನ ನಗರ್ತಪೇಟೆಗೆ ಹೋದೆ. ಅಲ್ಲಿ ನನಗೆ ಪರಿಚಯದ ಒಬ್ಬ ಹಿರಿಯ ಅಕ್ಕಸಾಲಿ ಇದ್ದಾರೆ. ಬ್ಯಾಡ್ಜ್ ಅಂದರೆ ಅವರಿಗೆ ಗೊತ್ತಿಲ್ಲ, ಬೆಸುಗೆ ಅಂದರೆ ಗೊತ್ತು. ನನಗೆ ಬೇಕಿದ್ದದ್ದೂ ಅದೇ.

"ಆಚಾರ್ರೇ, ಈ ಎರಡು ಕಿವಿ ಒಬ್ಬರೇ ಹಾಕಿದ್ದಾ ನೋಡಿ" ಅಂದೆ. ಬೇರೇನೂ ಹೇಳಲಿಲ್ಲ.

ಅವರು ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಇಲ್ಲ ಸ್ವಾಮಿ. ಇದು ಗಟ್ಟಿ ಬೆಸುಗೆ. ಬಿಳಿಗಾರ ಹಾಕಿ, ಬೆಂಕಿ ಚೆನ್ನಾಗಿ ಕೊಟ್ಟು ಹರಿಸಿದ್ದಾರೆ. ಇನ್ನೊಂದು ಸೀಸದ ಬೆಸುಗೆ. ಕಾದ ಕಬ್ಬಿಣ ಒತ್ತಿ ಮೆತ್ತಿದ್ದಾರೆ." ಬಿಳಿಗಾರ ಗೊತ್ತಲ್ಲ, ಬೆಸುಗೆ ಹರಿಯಲು ಹಾಕುವ ಉಪ್ಪಿನಂಥ ಪುಡಿ. ನಮ್ಮನ್ನು ಕೇಳಿ, ಮುದ್ದೆಯ ತಳದಲ್ಲಿ ಕಾಣದ ಜಾಗದಲ್ಲಿ ಸೂಜಿಯಿಂದ ಒಂದು ಚುಕ್ಕೆ ಗೀರಿದರು. ಬೆಣ್ಣೆಯ ಹಾಗೆ ಇಳಿಯಿತು. ಒಳಗೆ ಹೊಳೆಯುವ ಬಿಳಿ ಬಣ್ಣ. ಸೀಸ ಮತ್ತು ತವರದ ಮೆದು ಬೆಸುಗೆ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ. ಗಟ್ಟಿ ಬೆಸುಗೆಗೆ 600 ಡಿಗ್ರಿ ದಾಟಬೇಕು. ಬಲಗಿವಿ ಹಾಕಿದವರ ಹತ್ತಿರ ದೊಡ್ಡ ಬೆಂಕಿ ಇರಲಿಲ್ಲ, ಅಥವಾ ಬೇಕಿರಲಿಲ್ಲ.

ಆಮೇಲೆ ಅವರೇ ಒಂದು ಮಾತು ಹೇಳಿದರು. ಅದನ್ನು ನಾನು ಗಮನಿಸಿರಲಿಲ್ಲ. "ಇಲ್ಲಿ ನೋಡಿ. ಹಳೇ ಕಾಲು ಕಿತ್ತುಹೋದ ಗಾಯ ಇದೆ." ಬೂದು ಮುದ್ದೆಯ ಪಕ್ಕದಲ್ಲಿ, ಸುಮಾರು ಎರಡು ಮಿಲಿಮೀಟರ್ ಆಚೆ, ತಗಡಿನ ಮೇಲೆ ಒಂದು ಪುಟ್ಟ ಗುಂಡಗಿನ ಕಲೆ. ಅದರ ಮಧ್ಯದಲ್ಲಿ ತಾಮ್ರದ ಕೆಂಪು. ಮೊದಲಿನ ಬಲಗಿವಿಯ ಒಂದು ಕಾಲು ನಿಂತಿದ್ದ ಜಾಗ ಅದು. ಇನ್ನೊಂದು ಕಾಲಿನ ಜಾಗ ಮುದ್ದೆಯ ಅಡಿಯಲ್ಲಿ ಮುಚ್ಚಿಹೋಗಿದೆ. ಎಡಗಿವಿ ಇರುವ ಎತ್ತರಕ್ಕೆ ಅಡಿಪಟ್ಟಿ ಇಟ್ಟು ನೋಡಿದರೆ ಆ ಕಲೆ ಸರಿಯಾಗಿ ಅದೇ ಗೆರೆಗೆ ಬಂತು. ಉಕ್ಕಿನ ಕಿವಿ ಮಾತ್ರ ಸ್ವಲ್ಪ ಕೆಳಗಿದೆ.

ಈ ಕಲೆ ತುಂಬಾ ಹೇಳುತ್ತದೆ. ಬೆನ್ನಲ್ಲಿ ಬೇರೆಲ್ಲೂ ಇಂಥ ಗಾಯ ಇಲ್ಲ. ಸ್ಲೈಡರ್ ಕಿತ್ತು ಕಿವಿ ಹಾಕಿದ್ದರೆ ನಡುವೆ ಉದ್ದನೆಯ ಕಲೆ ಇರಬೇಕಿತ್ತು. ಎಷ್ಟೋ ಬ್ಯಾಡ್ಜುಗಳನ್ನು ಸೈನಿಕರ ಹೆಂಡತಿಯರಿಗೆ, ಅಮ್ಮಂದಿರಿಗೆ ಸೆರಗು ಪಿನ್ನಿನ ಥರ ಬ್ರೋಚ್ ಮಾಡಿಕೊಟ್ಟಿದ್ದಾರೆ. ಹಾಗೆ ಮಾಡಿ ಮತ್ತೆ ಬದಲಾಯಿಸಿದ್ದರೆ ಪಿನ್ನಿನ ಕೀಲು ಒಂದು ಕಡೆ, ಕೊಕ್ಕೆ ಒಂದು ಕಡೆ ಗುರುತು ಬಿಡುತ್ತಿದ್ದವು. ಅದೂ ಇಲ್ಲ. ಆಗಿದ್ದು ಇಷ್ಟೇ: ಮೊದಲಿಂದಲೂ ಎರಡು ಕಿವಿ ಇದ್ದವು, ಒಂದು ಮುರಿಯಿತು, ಅದರ ಜಾಗದಲ್ಲಿ ಇನ್ನೊಂದು ಬಂತು.

ಯಾವಾಗ ಅನ್ನುವುದು ಇನ್ನೂ ಉಳಿದಿತ್ತು.

ಮನೆಗೆ ಬಂದು ಮತ್ತೆ ಲೂಪ್ ಹಾಕಿಕೊಂಡು ಕೂತೆ. ಇಂಥ ಕಡೆ ನಾನು ನಂಬುವುದು ಒಂದೇ ವಿಧಾನ. ಯಾವುದರ ಮೇಲೆ ಯಾವುದು ಕೂತಿದೆ ಅಂತ ನೋಡುವುದು. ಬಣ್ಣ ನೋಡಿ ಕಾಲ ಹೇಳಲು ಹೋದರೆ ಎಡವುತ್ತೇವೆ. ಮಾಸಲನ್ನು ಒಂದು ರಾತ್ರಿಯಲ್ಲಿ ತರಿಸಬಹುದು, ತುಕ್ಕನ್ನು ಉಪ್ಪುನೀರು ಎರಡು ದಿನದಲ್ಲಿ ತರುತ್ತದೆ. ಆದರೆ ಒಂದರ ಮೇಲೊಂದು ಕೂತ ಪದರಗಳ ಕ್ರಮವನ್ನು ಸುಳ್ಳು ಮಾಡುವುದು ಕಷ್ಟ.

ಮೊದಲು ಸವೆತ ನೋಡಿದೆ. ಟೋಪಿಯ ಒಳಗೆ ಪಿನ್ನು ಕಿವಿಯ ಬಾಗಿನ ಒಳಮೈಯನ್ನು, ಅಂದರೆ ಬ್ಯಾಡ್ಜಿನಿಂದ ದೂರ ಇರುವ ತುದಿಯನ್ನು, ಸದಾ ಉಜ್ಜುತ್ತಿರುತ್ತದೆ. ಎಡಗಿವಿಯ ಆ ಜಾಗದಲ್ಲಿ ತೊಟ್ಟಿಲಿನಂಥ ಸ್ಪಷ್ಟವಾದ ತಗ್ಗು ಬಿದ್ದಿತ್ತು. ತಾಮ್ರ ಮೆತ್ತಗಿನದು, ಬೇಗ ಸವೆಯುತ್ತದೆ. ಈಗ ಬಲಗಿವಿ. ಅದರ ಒಳಬಾಗಿನಲ್ಲೂ ಒಂದು ಚಪ್ಪಟೆ ಜಾಗ ಇತ್ತು. ಎಡಗಿವಿಯಷ್ಟು ಆಳ ಇಲ್ಲ. ಆದರೆ ಇದೆ. ಉಕ್ಕಿನ ತಂತಿ ಹಿತ್ತಾಳೆ ಪಿನ್ನಿಗೆ ಅಷ್ಟು ಸವೆಯಬೇಕಾದರೆ ಒಂದೆರಡು ಸಲ ಹಾಕಿ ತೆಗೆದರೆ ಆಗುವುದಿಲ್ಲ. ದಿನಾ ತೊಡಬೇಕು. ಇನ್ನೂ ಮುಖ್ಯವಾದದ್ದು, ಆ ಚಪ್ಪಟೆ ಜಾಗದ ಮೇಲೂ ತುಕ್ಕು ಕೂತಿದೆ. ಸುತ್ತಲಿನ ತುಕ್ಕಿಗೂ ಅದಕ್ಕೂ ಭೇದವಿಲ್ಲ. ಅಂದರೆ ಮೊದಲು ಸವೆತ, ಆಮೇಲೆ ತುಕ್ಕು. ಯಾರಾದರೂ ಇತ್ತೀಚೆಗೆ ಅರದಿಂದ ಉಜ್ಜಿ ಸವೆತ ಮಾಡಿದ್ದರೆ ಅಲ್ಲಿ ತುಕ್ಕು ಕಿತ್ತುಹೋಗಿ ಬೆಳ್ಳಗೆ ಕಾಣಬೇಕಿತ್ತು.

ಎರಡನೆಯದು ಪಾಲಿಶ್. ಬ್ಯಾಡ್ಜಿನ ಮುಖಕ್ಕೆ ಪಾಲಿಶ್ ಹಚ್ಚಿ ತಿಕ್ಕುವಾಗ ಸ್ವಲ್ಪ ಕಿಂಡಿಗಳಿಂದ ಹಿಂದಕ್ಕೆ ಇಳಿಯುತ್ತದೆ. ಅಲ್ಲೇ ಒಣಗಿ, ವರ್ಷಗಟ್ಟಲೆ ಸೇರಿಕೊಂಡು ಸುಣ್ಣದಂಥ ಗಟ್ಟಿ ಪದರವಾಗುತ್ತದೆ. ಈ ಬ್ಯಾಡ್ಜಿನ ಬಲಭಾಗದಲ್ಲಿ ಆ ಪದರ ಒಂದು ಕಿಂಡಿಯಿಂದ ಹೊರಟು, ತಗಡಿನ ಮೇಲೆ ಹರಿದು, ಬೂದು ಮುದ್ದೆಯ ಅಂಚನ್ನು ಹತ್ತಿ ಕೂತಿತ್ತು. ಮುದ್ದೆಯ ಅಡಿಗೆ ಹೋಗಿರಲಿಲ್ಲ, ಮೇಲೇ ಇತ್ತು. ಹಲ್ಲುಕಡ್ಡಿಯಿಂದ ಮೆಲ್ಲಗೆ ತಟ್ಟಿದೆ. ಕಲ್ಲಿನ ಹಾಗೆ ಗಟ್ಟಿ. ಬೆಸುಗೆ ಹಾಕಿದ ಮೇಲೂ ಯಾರೋ ಈ ಬ್ಯಾಡ್ಜನ್ನು ಎಷ್ಟೋ ಸಲ ಪಾಲಿಶ್ ಮಾಡಿದ್ದಾರೆ. ಎಡಗಿವಿಯ ಬುಡದಲ್ಲಿಯೂ ಅದೇ ಪದರ, ಅದೇ ಬಣ್ಣ.

ಈಗ ಸಾಲಾಗಿ ಇಟ್ಟರೆ ಹೀಗೆ ಬರುತ್ತದೆ. ಬ್ಯಾಡ್ಜ್ ಎರಡು ತಾಮ್ರದ ಕಿವಿಗಳೊಂದಿಗೆ ಹುಟ್ಟಿತು. ತೊಟ್ಟು ತೊಟ್ಟು ಎಡಗಿವಿ ಸವೆಯಿತು, ಬಲಗಿವಿ ಕಿತ್ತುಬಂತು. ಯಾರೋ ಕೈಗೆ ಸಿಕ್ಕ ಉಕ್ಕಿನ ತಂತಿ ಬಗ್ಗಿಸಿ, ಸೀಸದ ಬೆಸುಗೆಯಲ್ಲಿ ಕೂರಿಸಿದರು. ಅದಾದ ಮೇಲೂ ಬ್ಯಾಡ್ಜನ್ನು ತೊಟ್ಟರು, ತಿಕ್ಕಿ ಹೊಳಪು ಮಾಡಿದರು. ಆಮೇಲೆ ತೆಗೆದಿಟ್ಟರು. ತುಕ್ಕು ಬಂತು.

ಹುಡುಗ ಒಂದು ಒಳ್ಳೆಯ ತಕರಾರು ತೆಗೆದ. "ಮೋಸ ಮಾಡೋರು ಇದೆಲ್ಲಾ ಗೊತ್ತಿದ್ದು ಬೇಕಂತಲೇ ಹೀಗೆ ಮಾಡಿರಬಹುದಲ್ವಾ ಅಂಕಲ್?" ಮಾಡಬಹುದು. ಆದರೆ ಲಾಭ ಏನು? ಮಾರಾಟಕ್ಕಾಗಿ ಕೈ ಹಾಕುವವರು ಎರಡೂ ಕಿವಿ ಒಂದೇ ಥರ ಇರುವ ಹಾಗೆ ಮಾಡುತ್ತಾರೆ. ಕೊಳ್ಳುವವರು ಮೊದಲು ನೋಡುವುದೇ ಅದನ್ನು. ಒಂದನ್ನು ಒರಟಾಗಿ ಬಿಟ್ಟರೆ ಬೆಲೆ ಇಳಿಯುತ್ತದೆ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ನನಗೆ ಸಂಶಯ ಬರುವುದು ಹಳೇ ಬ್ಯಾಡ್ಜಿನ ಹಿಂದೆ ಎರಡು ಕಿವಿಗಳೂ ಹೊಸದಾಗಿ, ಜೋಡಿ ಎತ್ತಿನ ಹಾಗೆ ಸರಿಸಮ ನಿಂತಿದ್ದಾಗ.

ಉಕ್ಕಿನ ಕಿವಿಯನ್ನು ಯಾರು ಹಾಕಿದರು, ಯಾವ ಊರಲ್ಲಿ ಅನ್ನುವುದನ್ನು ಲೋಹ ಹೇಳುವುದಿಲ್ಲ. ಹೇಳಿಸಲು ನಾನು ಹೋಗಲಿಲ್ಲ. ಬ್ಯಾಡ್ಜಿನ ಚೀಟಿಯ ಮೇಲೆ ಇಷ್ಟೇ ಬರೆದೆ: "ಎಚ್‌ಎಲ್‌ಐ, ದೊರೆಯ ಕಿರೀಟ, ವೈಟ್ ಮೆಟಲ್, ಅಚ್ಚೊತ್ತಿದ್ದು. ಎಡಗಿವಿ ಮೂಲ. ಬಲಗಿವಿ ಬಳಕೆಯ ಕಾಲದ ರಿಪೇರಿ, ಉಕ್ಕಿನ ತಂತಿ, ಮೆದು ಬೆಸುಗೆ." ಮಾರುವವರು ಹೇಳಿದ "ಯಾರೂ ಕೈ ಹಾಕಿಲ್ಲ" ಸುಳ್ಳಾಯಿತು. ಸಂಗ್ರಾಹಕರು ಹೇಳಿದ "ಡೂಪ್ಲಿಕೇಟ್" ಕೂಡ ಸುಳ್ಳಾಯಿತು.

ನಗರ್ತಪೇಟೆಯಲ್ಲಿ ನಡೆದ ಇನ್ನೊಂದು ಮಾತು ಹೇಳಲೇಬೇಕು. ಹುಡುಗ ಅಲ್ಲೇ ಆಚಾರ್ರನ್ನು ಕೇಳಿದ್ದ: "ಇದನ್ನ ತೆಗೆದು, ಆ ಕಡೆದರ ಥರಾನೇ ತಾಮ್ರದ್ದು ಹಾಕಿಕೊಡ್ತೀರಾ?" ನನ್ನ ಎದೆ ಧಸಕ್ಕೆಂದಿತು. ನಾನು ಬಾಯಿ ತೆಗೆಯುವ ಮೊದಲೇ ಆಚಾರ್ರು ತಲೆಯಾಡಿಸಿದರು. "ಸೀಸ ಕೂತ ಕಡೆ ಗಟ್ಟಿ ಬೆಂಕಿ ಹಿಡಿಯಬಾರದಪ್ಪ. ಸೀಸ ಕೆಳಗಿನ ಲೋಹಾನೇ ತಿಂದುಬಿಡುತ್ತೆ, ತೂತು ಬೀಳುತ್ತೆ. ಪೂರ್ತಿ ಕೆರೆದು ತೆಗೆಯಬೇಕು. ಕೆರೆದರೆ ಈ ಹಳೇ ಗುರುತೆಲ್ಲಾ ಹೋಗುತ್ತೆ." ಅವರು ಕಾಸು ಬರುವ ಕೆಲಸ ಬೇಡ ಅಂದರು. ಅವರ ಮೇಲೆ ನನಗಿದ್ದ ಗೌರವ ಅವತ್ತು ಇನ್ನಷ್ಟು ಹೆಚ್ಚಿತು.

ನಾನು ಹುಡುಗನಿಗೆ ದಾರಿಯುದ್ದಕ್ಕೂ ಹೇಳಿದ್ದು ಇದನ್ನೇ. ಆ ಸವೆತ, ಆ ಪಾಲಿಶ್ ಪದರ, ಆ ತಾಮ್ರದ ಕಲೆ, ಇವು ಮೂರೂ ಇರುವುದರಿಂದಲೇ ನಾವು ಈ ಬ್ಯಾಡ್ಜನ್ನು ನಂಬಿದೆವು. ಅವನ್ನು ಕೆರೆದು, ಹೊಸ ತಾಮ್ರದ ಕಿವಿ ಇಟ್ಟರೆ ಬ್ಯಾಡ್ಜ್ ಚಂದ ಕಾಣಬಹುದು. ಆದರೆ ನಾಳೆ ಇನ್ನೊಬ್ಬರು ನೋಡಿದಾಗ ಅವರಿಗೆ ನಂಬಲು ಏನೂ ಉಳಿದಿರುವುದಿಲ್ಲ. ನಾವೇ ನಿಜವಾದ ವಸ್ತುವನ್ನು ಸಂಶಯದ ವಸ್ತು ಮಾಡಿದ ಹಾಗೆ. ಮನೆಯಲ್ಲಿ ಹಳೇ ಬ್ಯಾಡ್ಜ್ ಇರುವವರು ದಯವಿಟ್ಟು ಹಿಂಬದಿಯನ್ನು ಹುಣಸೆಹಣ್ಣು, ಪೀತಾಂಬರಿ ಹಾಕಿ ತಿಕ್ಕಬೇಡಿ.

ಭಾನುವಾರ ಬೆಳಿಗ್ಗೆ ಹುಡುಗ ವ್ಯಾಪಾರಿಯ ಹತ್ತಿರ ಒಬ್ಬನೇ ಹೋದ. ನಾನು ಜೊತೆಗೆ ಬರಲೇ ಅಂದೆ, ಬೇಡ ಅಂದ. ಬಲಗಿವಿಗೆ ಅವರ ಎದುರೇ ಆಯಸ್ಕಾಂತ ಹಿಡಿದು ತೋರಿಸಿದನಂತೆ. ಕೂಗಾಡಲಿಲ್ಲ, ಡೂಪ್ಲಿಕೇಟ್ ಅಂತಲೂ ಅನ್ನಲಿಲ್ಲ. "ಬ್ಯಾಡ್ಜ್ ಸರಿಯಿದೆ, ಒಂದು ಕಿವಿ ರಿಪೇರಿ ಆಗಿದೆ, ಅದಕ್ಕೆ ತಕ್ಕ ಬೆಲೆ ಹೇಳಿ" ಅಂದನಂತೆ. ಅವರೂ ಸ್ವಲ್ಪ ಹೊತ್ತು ಲೂಪ್ ಹಾಕಿ ನೋಡಿ, 1,500 ಇಳಿಸಿದರು. ಬಾಕಿ 3,000 ಕೊಟ್ಟು ತಂದ.

ಈಗ ಬ್ಯಾಡ್ಜ್ ಅವನ ಮನೆಯಲ್ಲಿ ಗಾಳಿಯಾಡದ ಡಬ್ಬಿಯಲ್ಲಿದೆ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಉಕ್ಕಿನ ಕಿವಿಯ ತುಕ್ಕು ಮುಂದುವರಿಯಬಾರದಲ್ಲ. ಡಬ್ಬಿಯಲ್ಲಿ ಎರಡು ಫೋಟೋ ಇಟ್ಟಿದ್ದಾನೆ. ಆನೆ ಇರುವ ಮುಖದ್ದು ಚಿಕ್ಕದು. ಬೆನ್ನಿನದ್ದು ದೊಡ್ಡದು, ಪಕ್ಕದಿಂದ ಟಾರ್ಚ್ ಹಿಡಿದು ತೆಗೆದದ್ದು.